ಅಟ್ಟದ ಧೂಳು ಧೂಳಾಗಿಯೇ ಇದೆ, ಆಕಾಶದ ಧೂಳು ಗ್ರಹವಾದದ್ದು ಹೇಗೆ?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಎಳೆಯ ನಕ್ಷತ್ರದ ಸುತ್ತಲಿನ ಧೂಳು ಗುರುತ್ವದಿಂದ ಒಟ್ಟುಗೂಡಿ ಗ್ರಹವಾಗುತ್ತದೆ ಎಂದು ಹೇಳಿದಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, ‘ನಮ್ಮನೆ ಅಟ್ಟದ ಮೇಲೆ ಅಜ್ಜನ ಕಾಲದ ಧೂಳಿದೆ, ಅದು ಇನ್ನೂ ಕಲ್ಲಾಗಿಲ್ಲವಲ್ಲ ಸಾರ್’ ಎಂದಳು. ಅವಳಿಗೆ ಏನು ಹೇಳಲಿ? ಅಷ್ಟು ದೂರದಲ್ಲಿರುವ ಧೂಳಿನ ಕಣ ಬೆಳೆದಿದೆ ಎಂದು ಇಲ್ಲಿಂದ ಹೇಗೆ ತಿಳಿಯುತ್ತದೆ? ಮಕ್ಕಳಿಗೆ ಇದನ್ನು ಆಕಾಶದಲ್ಲಿ ತೋರಿಸಲು ಆಗುತ್ತದೆಯೇ?

ಉತ್ತರ: ಆ ಹುಡುಗಿಯ ಆಕ್ಷೇಪ ಸರಿಯಾಗಿಯೇ ಇದೆ. ತಪ್ಪಿರುವುದು ನಾವೆಲ್ಲ ಅವಸರದಲ್ಲಿ ಹೇಳಿ ಮುಗಿಸುವ ‘ಗುರುತ್ವದಿಂದ ಒಟ್ಟುಗೂಡಿ’ ಎಂಬ ಮಾತಿನಲ್ಲಿ. ನಾನೂ ಎಷ್ಟೋ ವರ್ಷ ತರಗತಿಯಲ್ಲಿ ಅದನ್ನೇ ಹೇಳಿದ್ದೇನೆ. ಧೂಳಿನ ಕಣಕ್ಕೆ ಇನ್ನೊಂದು ಕಣವನ್ನು ಎಳೆದುಕೊಳ್ಳುವಷ್ಟು ಗುರುತ್ವ ಇರುವುದೇ ಇಲ್ಲ. ಕಣದ ಮಾತು ಹಾಗಿರಲಿ, ಒಂದು ಮೀಟರ್ ಅಡ್ಡಗಲದ ಬಂಡೆಯನ್ನೇ ತೆಗೆದುಕೊಳ್ಳಿ. ಅದರ ಗುರುತ್ವವನ್ನು ಮೀರಿ ಹೊರಟುಹೋಗಲು ಸೆಕೆಂಡಿಗೆ ಒಂದು ಮಿಲಿಮೀಟರ್‌ಗಿಂತ ಕಡಿಮೆ ವೇಗ ಸಾಕು. ಅಂಗಳದ ಇರುವೆ ನಡೆಯುವುದೇ ಅದಕ್ಕಿಂತ ಬೇಗ. ಸುಮಾರು 100 ಕಿಲೋಮೀಟರ್ ಅಡ್ಡಗಲದ ಕಾಯ ಸಿದ್ಧವಾದ ಮೇಲೆ ಈ ವೇಗ ಸೆಕೆಂಡಿಗೆ 60 ಮೀಟರ್‌ಗೂ ಹೆಚ್ಚಾಗುತ್ತದೆ, ಆಗ ಗುರುತ್ವಕ್ಕೆ ಒಂದು ಹಿಡಿತ ಬರುತ್ತದೆ. ಆದ್ದರಿಂದ ನಿಜವಾದ ಪ್ರಶ್ನೆ ಇದು: ಒಂಟಿ ಕಣದ ಗುರುತ್ವ ಯಾವ ಕೆಲಸಕ್ಕೂ ಬಾರದ ಆ ಉದ್ದನೆಯ ಹಾದಿಯನ್ನು ಧೂಳು ಹೇಗೆ ದಾಟಿತು?

ಹಾದಿ ಎಷ್ಟು ಉದ್ದ ಎಂಬುದನ್ನು ಮೊದಲು ನೋಡೋಣ. ನಕ್ಷತ್ರಗಳ ನಡುವಿನ ಮೋಡದಲ್ಲಿ ತೂಕದ ಲೆಕ್ಕದಲ್ಲಿ ನೂರು ಪಾಲು ಅನಿಲಕ್ಕೆ ಒಂದು ಪಾಲು ಧೂಳಿರುತ್ತದೆ. ಸಿಲಿಕೇಟ್ ಮತ್ತು ಇಂಗಾಲದ ಆ ಕಣಗಳು ಮೈಕ್ರೋಮೀಟರಿನ ಹತ್ತನೇ ಒಂದು ಭಾಗದಷ್ಟಿರುತ್ತವೆ, ತಣ್ಣನೆಯ ಜಾಗದಲ್ಲಿ ಅವುಗಳ ಮೇಲೆ ಹಿಮದ ಲೇಪವೂ ಇರುತ್ತದೆ. ಅಡಿಕೆ ಬೇಯಿಸುವ ಒಲೆಯಿಂದ ಏಳುವ ಹೊಗೆಯ ಕಣಗಳೂ ಹೆಚ್ಚುಕಡಿಮೆ ಈ ಗಾತ್ರದವೇ. ಹಾಗಾಗಿ ಧೂಳು ಎನ್ನುವುದಕ್ಕಿಂತ ಹೊಗೆ ಎಂದರೇ ಸರಿಯಾದೀತು. ಅಲ್ಲಿಂದ ಭೂಮಿಯ ಅಡ್ಡಗಲಕ್ಕೆ ಬರಬೇಕಾದರೆ ನೂರು ಲಕ್ಷ ಕೋಟಿ ಪಟ್ಟು ಬೆಳೆಯಬೇಕು. ಅದಕ್ಕಿರುವ ಕಾಲಾವಕಾಶವೂ ಕಡಿಮೆ. ಎಳೆಯ ನಕ್ಷತ್ರವನ್ನು ಸುತ್ತುವರಿದ ಅನಿಲ ಮತ್ತು ಧೂಳಿನ ತಟ್ಟೆ (ಖಗೋಳಶಾಸ್ತ್ರಜ್ಞರು ಪ್ರೋಟೋಪ್ಲಾನೆಟರಿ ಡಿಸ್ಕ್ ಎನ್ನುವುದು ಇದನ್ನೇ) ಬಹಳಷ್ಟು ನಕ್ಷತ್ರಗಳಲ್ಲಿ 20–30 ಲಕ್ಷ ವರ್ಷಗಳಲ್ಲೇ ಕರಗಿಹೋಗುತ್ತದೆ. ಒಂದು ಕೋಟಿ ವರ್ಷ ದಾಟಿದ ಮೇಲೆ ತಟ್ಟೆ ಉಳಿದಿರುವುದೇ ಅಪರೂಪ.

ಮೊದಲ ಹಂತ ಅಂಟಿಕೊಳ್ಳುವುದರಿಂದ ಆಗುತ್ತದೆ. ಅರಿಸಿನದ ಡಬ್ಬಿಗೆ ಬೆರಳಿಟ್ಟರೆ ಪುಡಿ ಹತ್ತಿಕೊಳ್ಳುತ್ತದೆ, ಅಕ್ಕಿಯ ಡಬ್ಬಿಗಿಟ್ಟರೆ ಕಾಳು ಉದುರಿಹೋಗುತ್ತದೆ. ಎರಡು ಮೇಲ್ಮೈಗಳು ತಾಕಿದಾಗ ಅಣುಗಳ ನಡುವೆ ಹುಟ್ಟುವ ವಾನ್ ಡರ್ ವಾಲ್ಸ್ ಸೆಳೆತ ಕಣದ ತ್ರಿಜ್ಯಕ್ಕೆ ತಕ್ಕಂತೆ ಬೆಳೆಯುತ್ತದೆ. ತೂಕವಾದರೋ ತ್ರಿಜ್ಯದ ಘನಕ್ಕೆ ತಕ್ಕಂತೆ ಏರುತ್ತದೆ. ಆದ್ದರಿಂದ ಕಣ ಸಣ್ಣದಾದಷ್ಟೂ ಅಂಟುವ ಶಕ್ತಿಯೇ ಮೇಲುಗೈ. ತಟ್ಟೆಯ ಅನಿಲದಲ್ಲಿ ತೇಲುವ ಕಣಗಳು ಸೆಕೆಂಡಿಗೆ ಕೆಲವು ಮಿಲಿಮೀಟರ್ ವೇಗದಲ್ಲಿ ಒಂದನ್ನೊಂದು ತಾಕಿ, ತಾಕಿದಲ್ಲೇ ಅಂಟಿ, ಜೇಡರ ಬಲೆಯ ಮುದ್ದೆಯಂತೆ ಒಳಗೆಲ್ಲ ಪೊಳ್ಳಾದ ಗೊಂಚಲುಗಳಾಗುತ್ತವೆ.

ನಿಮ್ಮ ವಿದ್ಯಾರ್ಥಿನಿಯ ಅಟ್ಟದ ಧೂಳಿಗೆ ಈ ಅವಕಾಶವಿಲ್ಲ. ಅಂಟುವ ಗುಣ ಅದಕ್ಕೂ ಇದೆ, ಆದರೆ ಭೂಮಿ ಅದನ್ನು ಹಲಗೆಗೆ ಒತ್ತಿ ಹಿಡಿದಿರುವುದರಿಂದ ಒಂದು ಕಣ ಇನ್ನೊಂದನ್ನು ಸಂಧಿಸುವುದೇ ಇಲ್ಲ. ಅದೇ ಮನೆಯ ಹಳೆಯ ಪತ್ತಾಯದ ಅಡಿಗೆ ಪೊರಕೆ ಹಾಕಿ ಎಳೆಯಲು ಹೇಳಿ. ಬಾಗಿಲ ಸಂದಿಯ ಗಾಳಿ ಆಡುವ ಅಂಥ ಕಡೆ ಧೂಳು, ಕೂದಲು, ಜೇಡರ ನೂಲು ಸೇರಿ ನೆಲ್ಲಿಕಾಯಿ ಗಾತ್ರದ ಹಗುರ ಉಂಡೆಗಳಾಗಿ ಹೊರಗೆ ಉರುಳುತ್ತವೆ. ಅಟ್ಟದಲ್ಲಿ ಆಗದ್ದು ಪತ್ತಾಯದ ಅಡಿಯಲ್ಲಿ ಆಗಲು ಚಲನೆಯೇ ಕಾರಣ. ತೂಕವೇ ಇಲ್ಲದ ಕಡೆ ಏನಾಗುತ್ತದೆ ಎಂಬುದನ್ನು ಗಗನಯಾತ್ರಿ ಡಾನ್ ಪೆಟಿಟ್ 2003ರ ಸುಮಾರಿಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಬಿಡುವಿನ ವೇಳೆಯಲ್ಲಿ ನೋಡಿದರು. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತುಂಬಿ, ಒಳಗೆ ಉಪ್ಪು, ಸಕ್ಕರೆ, ಕಾಫಿಯಂಥ ಪುಡಿಗಳನ್ನು ಹಾಕಿ ಅಲುಗಾಡಿಸಿದರೆ ಕೆಲವೇ ಸೆಕೆಂಡುಗಳಲ್ಲಿ ಅವು ಗಂಟುಕಟ್ಟಿಕೊಳ್ಳುತ್ತಿದ್ದವು. ಉಪ್ಪಿನ ಕಾಳಿನಷ್ಟು ದೊಡ್ಡ ಕಣಗಳೂ ಅಂಟಿದ್ದಕ್ಕೆ ಉಜ್ಜಾಟದಿಂದ ಹುಟ್ಟಿದ ವಿದ್ಯುದಾವೇಶವೂ ಕಾರಣ. ತಟ್ಟೆಯೊಳಗೂ ಇಂಥ ಆವೇಶ ಕಣಗಳನ್ನು ಸೆಂಟಿಮೀಟರ್ ಗಾತ್ರದವರೆಗೆ ಒಯ್ಯಬಲ್ಲದು ಎಂದು ಈಚಿನ ಪ್ರಯೋಗಗಳು ತೋರಿಸುತ್ತವೆ.

ಇಷ್ಟರವರೆಗೆ ಬೆಳವಣಿಗೆ ಸಲೀಸು, ವೇಗವೂ ಹೆಚ್ಚು. ಭೂಮಿ ಇರುವ ದೂರದಲ್ಲಿ ಹೊಗೆಯ ಕಣ ಮಿಲಿಮೀಟರ್ ಗಾತ್ರಕ್ಕೆ ಬರಲು ಕೆಲವು ನೂರರಿಂದ ಕೆಲವು ಸಾವಿರ ವರ್ಷ ಸಾಕು. ತೊಡಕು ಶುರುವಾಗುವುದು ಅಲ್ಲಿಂದ ಮುಂದೆ. ಜರ್ಮನಿಯ ಪ್ರಯೋಗಾಲಯಗಳಲ್ಲಿ, ಅದರಲ್ಲೂ ಬ್ರೆಮೆನ್ ನಗರದ 146 ಮೀಟರ್ ಎತ್ತರದ ಗೋಪುರದಲ್ಲಿ ಪೆಟ್ಟಿಗೆಯೊಂದನ್ನು ಕೆಳಗೆ ಬಿಟ್ಟಾಗ ಸಿಗುವ ಐದು ಸೆಕೆಂಡಿಗೂ ಕಡಿಮೆಯ ತೂಕರಹಿತ ಸ್ಥಿತಿಯಲ್ಲಿ, ಧೂಳಿನ ಉಂಡೆಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸಿ ನೋಡಿದ್ದಾರೆ. ಗೊಂಚಲುಗಳು ಪದೇ ಪದೇ ತಾಕಿ ಒತ್ತಾದಂತೆ ಅಂಟುವ ಗುಣ ಕಳೆದುಕೊಂಡು ಗೋಲಿಗಳ ಹಾಗೆ ಪುಟಿಯತೊಡಗುತ್ತವೆ. ವೇಗ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸಿಗೆ ಬಂದರೆ, ಎಂದರೆ ನಾವು ನಿಧಾನವಾಗಿ ನಡೆಯುವ ವೇಗಕ್ಕೆ ಬಂದರೆ, ಒಡೆದು ಪುಡಿಯಾಗುತ್ತವೆ. ಹಿಮ ಲೇಪಿತ ಕಣಗಳು ಹತ್ತು ಪಟ್ಟು ವೇಗವನ್ನೂ ತಾಳುತ್ತವೆ ಎಂಬ ನಂಬಿಕೆ ಬಹುಕಾಲ ಇತ್ತು; ಕಡುಚಳಿಯಲ್ಲಿ ಹಿಮವೂ ಕಲ್ಲಿನ ಪುಡಿಗಿಂತ ಹೆಚ್ಚು ಅಂಟಲಾರದು ಎಂದು ಕಳೆದ ಕೆಲವು ವರ್ಷಗಳ ಪ್ರಯೋಗಗಳು ಹೇಳಿ ಆ ಸಮಾಧಾನವನ್ನೂ ಕಸಿದುಕೊಂಡಿವೆ.

ಎರಡನೆಯ ತೊಡಕು ಇನ್ನೂ ವಿಚಿತ್ರವಾದದ್ದು, ನನ್ನ ಮಟ್ಟಿಗೆ ಇಡೀ ವಿಷಯದ ಸ್ವಾರಸ್ಯ ಇರುವುದೇ ಇಲ್ಲಿ. ತಟ್ಟೆಯ ಅನಿಲ ನಕ್ಷತ್ರದ ಹತ್ತಿರ ದಟ್ಟವಾಗಿಯೂ ಬಿಸಿಯಾಗಿಯೂ ಇದ್ದು, ದೂರ ಹೋದಂತೆ ತೆಳುವಾಗುತ್ತದೆ. ಹೀಗಾಗಿ ಒಳಗಿನ ಒತ್ತಡ ಅನಿಲವನ್ನು ಸ್ವಲ್ಪ ಹೊರಕ್ಕೆ ತಳ್ಳಿ, ನಕ್ಷತ್ರದ ಸೆಳೆತವನ್ನು ಅಷ್ಟರ ಮಟ್ಟಿಗೆ ತಗ್ಗಿಸುತ್ತದೆ. ಅನಿಲ ಸುತ್ತಬೇಕಾದ ವೇಗಕ್ಕಿಂತ ತುಸು ನಿಧಾನವಾಗಿ ಸುತ್ತುತ್ತದೆ. ಕಲ್ಲಿಗೆ ಈ ಒತ್ತಡದ ಆಸರೆ ಇಲ್ಲದ್ದರಿಂದ ಅದು ಪೂರ್ತಿ ವೇಗದಲ್ಲೇ ಸುತ್ತಬೇಕು. ಭೂಮಿಯ ದೂರದಲ್ಲಿ ಆ ಪೂರ್ತಿ ವೇಗ ಸೆಕೆಂಡಿಗೆ 30 ಕಿಲೋಮೀಟರ್, ಅನಿಲ ಹಿಂದೆ ಬೀಳುವುದು ಸೆಕೆಂಡಿಗೆ ಬರೀ 50 ಮೀಟರಿನಷ್ಟು. ಆದರೆ ಕಲ್ಲಿನ ಲೆಕ್ಕದಲ್ಲಿ ಇದು ಗಂಟೆಗೆ 180 ಕಿಲೋಮೀಟರ್ ವೇಗದ ಎದುರುಗಾಳಿ, ಅದೂ ಹಗಲಿರುಳು ಬಿಡದೆ ಬೀಸುವಂಥದ್ದು. ಆ ಅನಿಲ ನಮ್ಮ ಗಾಳಿಗಿಂತ ಸುಮಾರು ಹತ್ತು ಲಕ್ಷ ಪಟ್ಟು ತೆಳು ಎಂಬುದು ನಿಜ, ಆದರೂ ಕಲ್ಲು ಪ್ರತಿ ಸುತ್ತಿನಲ್ಲೂ ಅಷ್ಟಷ್ಟು ವೇಗ ಕಳೆದುಕೊಂಡು ನಕ್ಷತ್ರದ ಕಡೆಗೆ ಜಾರುತ್ತದೆ. ಧೂಳಿನ ಪುಡಿಗೆ ಇದರ ಬಾಧೆಯಿಲ್ಲ, ಅದು ಅನಿಲದ ಜೊತೆಗೇ ತೇಲುತ್ತದೆ. ಬೆಟ್ಟದಂಥ ಬಂಡೆಗೂ ಇಲ್ಲ, ಅದರ ಭಾರಕ್ಕೆ ಈ ಗಾಳಿ ಲೆಕ್ಕಕ್ಕಿಲ್ಲ. ನಡುವಿನ ಗಾತ್ರದ್ದೇ ಪಾಡು. 1977ರಲ್ಲಿ ಸ್ಟುವರ್ಟ್ ವೈಡನ್‌ಶಿಲ್ಲಿಂಗ್ ಲೆಕ್ಕ ಹಾಕಿ ತೋರಿಸಿದಂತೆ, ಭೂಮಿಯ ದೂರದಲ್ಲಿರುವ ಒಂದು ಮೀಟರ್ ಗಾತ್ರದ ಕಲ್ಲು ನೂರು ವರ್ಷದ ಆಸುಪಾಸಿನಲ್ಲಿ ನಕ್ಷತ್ರಕ್ಕೆ ಆಹುತಿಯಾಗುತ್ತದೆ. ಗ್ರಹ ಬೆಳೆಯಲು ಲಕ್ಷಾಂತರ ವರ್ಷ ಬೇಕು, ಅದರ ಇಟ್ಟಿಗೆಗೆ ಇರುವ ಆಯುಸ್ಸು ನೂರು ವರ್ಷ!

ಈ ಇಕ್ಕಟ್ಟಿನಿಂದ ಹೊರಬರುವ ದಾರಿ ಎಲ್ಲಿದೆ ಎಂದು ಹಳ್ಳದ ಹರಿವನ್ನು ನೋಡಿದವರಿಗೆ ವಿವರಿಸುವುದು ಸುಲಭ. ಮೊದಲ ಮಳೆಗೆ ತೋಟದ ಹಳ್ಳ ತುಂಬಿದಾಗ ಅಡಿಕೆ ಸಿಪ್ಪೆ, ಒಣಗಿದ ಸೋಗೆ, ದರಗು ಎಲ್ಲ ಕೊಚ್ಚಿಕೊಂಡು ಹೋಗುತ್ತವೆ, ಆದರೆ ಎಲ್ಲವೂ ಹೊಳೆ ಸೇರುವುದಿಲ್ಲ. ಬಂಡೆಯ ಹಿಂದೆ ನೀರು ಮಂದವಾಗುವ ಕಡೆ ಒಟ್ಟಲಾಗಿ ನಿಲ್ಲುತ್ತವೆ. ತಟ್ಟೆಯಲ್ಲಿಯೂ ಎಲ್ಲಾದರೂ ಅನಿಲದ ಒತ್ತಡ ಸುತ್ತಲಿಗಿಂತ ಹೆಚ್ಚಾಗಿ ಉಬ್ಬಿದ್ದರೆ, ಆ ಉಬ್ಬಿನ ನೆತ್ತಿಯಲ್ಲಿ ಎದುರುಗಾಳಿ ಸೊನ್ನೆಯಾಗುತ್ತದೆ, ಹೊರಗಿನಿಂದ ಜಾರಿಬಂದ ಹರಳುಗಳು (ಮಿಲಿಮೀಟರ್, ಸೆಂಟಿಮೀಟರ್ ಗಾತ್ರಕ್ಕೆ ಬೆಳೆದ ಉಂಡೆಗಳು) ಅಲ್ಲಿ ಸಿಕ್ಕಿಕೊಳ್ಳುತ್ತವೆ. 2013ರಲ್ಲಿ ಐಆರ್‌ಎಸ್ 48 ಎಂಬ ನಕ್ಷತ್ರದ ತಟ್ಟೆಯಲ್ಲಿ ಅನಿಲ ಸುತ್ತಲೂ ಹರಡಿದ್ದರೂ ಮಿಲಿಮೀಟರ್ ಗಾತ್ರದ ಕಣಗಳು ಮಾತ್ರ ಒಂದೇ ಬದಿಯಲ್ಲಿ ಗೇರುಬೀಜದ ಆಕಾರದಲ್ಲಿ ಒಟ್ಟುಗೂಡಿದ್ದು ಕಂಡಿತು.

ಇನ್ನೊಂದು ದಾರಿಯನ್ನು ಆಂಡ್ರ್ಯೂ ಯೂಡಿನ್ ಮತ್ತು ಜೆರೆಮಿ ಗುಡ್‌ಮನ್ 2005ರಲ್ಲಿ ಕಾಗದದ ಮೇಲೆ ಕಂಡುಕೊಂಡರು. ಹುಲಿಕಲ್ ಘಾಟಿಯಲ್ಲಿ ತುಂಬಿದ ಲಾರಿಯೊಂದು ತೆವಳುತ್ತಿದ್ದರೆ ಹಿಂದಿನಿಂದ ಬಂದವರೆಲ್ಲ ಅದರ ಬೆನ್ನಿಗೆ ಸೇರಿ ಸಾಲು ಬೆಳೆಯುತ್ತದಲ್ಲವೇ, ಹೆಚ್ಚುಕಡಿಮೆ ಹಾಗೆ. ಹರಳುಗಳು ಎಲ್ಲಿ ತುಸು ದಟ್ಟವಾಗಿವೆಯೋ ಅಲ್ಲಿ ಅವೇ ಅನಿಲವನ್ನು ತಮ್ಮ ಜೊತೆ ಎಳೆದುಕೊಂಡು ಎದುರುಗಾಳಿಯನ್ನು ತಗ್ಗಿಸುತ್ತವೆ; ಗಾಳಿ ತಗ್ಗಿದ್ದರಿಂದ ಅವು ಜಾರುವುದು ನಿಧಾನವಾಗುತ್ತದೆ; ಹೊರಗಿನಿಂದ ವೇಗವಾಗಿ ಬರುವ ಒಂಟಿ ಹರಳುಗಳು ಬಂದು ಗುಂಪಿಗೆ ಸೇರಿ ಅದನ್ನು ಇನ್ನೂ ದಟ್ಟವಾಗಿಸುತ್ತವೆ. ಇದಕ್ಕೆ ಸ್ಟ್ರೀಮಿಂಗ್ ಅಸ್ಥಿರತೆ ಎಂದು ಹೆಸರು. ಗುಂಪು ಸಾಕಷ್ಟು ದಟ್ಟವಾದಾಗ ಗುರುತ್ವದ ಸರದಿ ಬರುತ್ತದೆ. ಅದು ಒಂದೊಂದೇ ಕಲ್ಲನ್ನು ಎಳೆಯುವುದಿಲ್ಲ, ಹರಳುಗಳ ಇಡೀ ಮೋಡವನ್ನೇ ಒಮ್ಮೆಲೇ ಕುಸಿಸಿ ಹತ್ತಾರು, ನೂರಾರು ಕಿಲೋಮೀಟರಿನ ಕಾಯಗಳನ್ನು ಮಾಡುತ್ತದೆ. ಅಪಾಯದ ಮೀಟರ್ ಗಾತ್ರವನ್ನು ಹತ್ತಿ ದಾಟುವುದರ ಬದಲು ಹಾರಿಯೇ ದಾಟಿದಂತಾಯಿತು. ಕಂಪ್ಯೂಟರಿನ ಲೆಕ್ಕಾಚಾರಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಆದರೆ ಧೂಳಿನ ಪಾಲು ಮಾಮೂಲಿಗಿಂತ ಹೆಚ್ಚಿರಬೇಕು, ಕಣಗಳು ಮೊದಲೇ ಹರಳಿನ ಗಾತ್ರಕ್ಕೆ ಬಂದಿರಬೇಕು ಎಂಬ ಷರತ್ತುಗಳಿವೆ. ನನಗೆ ಇದನ್ನು ನಂಬಬೇಕೆನ್ನಿಸಿದ್ದು 2019ರ ಜನವರಿ 1ರಂದು ನ್ಯೂ ಹೊರೈಜನ್ಸ್ ನೌಕೆ ಪ್ಲೂಟೋದಾಚೆಯ ಅರೋಕಾತ್ ಎಂಬ ಕಾಯದ ಪಕ್ಕದಲ್ಲಿ ಹಾದಾಗ. ಸುಮಾರು 36 ಕಿಲೋಮೀಟರ್ ಉದ್ದದ ಅದು, ಎರಡು ಚಪ್ಪಟೆ ಉಂಡೆಗಳನ್ನು ಮೆಲ್ಲಗೆ ತಂದು ಅಂಟಿಸಿದ ಹಾಗಿದೆ. ಕೂಡಿದ ಕತ್ತಿನ ಬಳಿ ಜಜ್ಜಿದ ಗುರುತು ಇಲ್ಲ. ಎಲ್ಲಿಂದಲೋ ಬಂದ ಎರಡು ಬಂಡೆಗಳು ಢಿಕ್ಕಿ ಹೊಡೆದಿದ್ದರೆ ಹಾಗೆ ಉಳಿಯುತ್ತಿರಲಿಲ್ಲ. ಒಂದೇ ಮೋಡ ಕುಸಿದಾಗ ಜೋಡಿಯಾಗಿ ಹುಟ್ಟಿ, ಒಂದನ್ನೊಂದು ಸುತ್ತುತ್ತ ಕೂಡಿಕೊಂಡವು ಎಂಬುದೇ ಹೆಚ್ಚು ಒಪ್ಪುವ ವಿವರಣೆ. ಹೀಗೆ ಹುಟ್ಟಿದ ಕಾಯಗಳು ಮುಂದೆ ಒಂದನ್ನೊಂದು ನುಂಗಿ, ಜಾರಿಬರುವ ಹರಳುಗಳನ್ನೂ ಬಾಚಿಕೊಂಡು ಗ್ರಹಗಳಾಗುವ ಕತೆಯನ್ನು ಇಲ್ಲಿ ಬಿಡುತ್ತೇನೆ; ಅಲ್ಲಿ ನಿಮ್ಮ ‘ಗುರುತ್ವದಿಂದ’ ಎಂಬ ಮಾತು ಸರಿಯೇ.

ಎರಡನೆಯ ಪ್ರಶ್ನೆಗೆ ಬರೋಣ. ಕಣವನ್ನು ಯಾರೂ ನೋಡಿಲ್ಲ, ನೋಡುವಂತೆಯೂ ಇಲ್ಲ. ಆದರೆ ಅದರ ಗಾತ್ರವನ್ನು ಹೇಳುವ ಉಪಾಯ ನಿಮ್ಮ ಶಾಲೆಯ ಪಕ್ಕದ ಮನೆಯ ಛಾವಣಿಯಲ್ಲೇ ಇದೆ. ಆಗುಂಬೆಯ ಕಡೆ ಎದುರಿನ ಮರ ಕಾಣದಷ್ಟು ಮಂಜು ಮುಸುಕಿದ ದಿನವೂ ಟಿವಿಯ ಡಿಶ್ ನಿರಾತಂಕವಾಗಿ ಕೆಲಸ ಮಾಡುತ್ತದೆ. ಜುಲೈ ತಿಂಗಳ ಒಂದು ಜಡಿಮಳೆ ಬಂದರೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಹೋಗುತ್ತದೆ. ಡಿಶ್ ಹಿಡಿಯುವ ಅಲೆಯ ತರಂಗದೂರ ಸುಮಾರು 25 ಮಿಲಿಮೀಟರ್. ಮಂಜಿನ ಹನಿ ಮಿಲಿಮೀಟರಿನ ನೂರನೇ ಒಂದು ಭಾಗದ್ದು, ಆ ಅಲೆಗೆ ಅದು ಇದ್ದೂ ಇಲ್ಲದ ಹಾಗೆ. ಮಳೆಯ ದಪ್ಪ ಹನಿ ಮೂರು ನಾಲ್ಕು ಮಿಲಿಮೀಟರ್ ಇದ್ದು ಅಲೆಯನ್ನು ಬಲವಾಗಿ ತಡೆಯುತ್ತದೆ. (ಮಳೆಯಲ್ಲಿ ಒಟ್ಟು ನೀರೂ ಹೆಚ್ಚಿರುತ್ತದೆ ಎಂಬುದನ್ನು ಮರೆಯುವಂತಿಲ್ಲ.) ಸ್ಥೂಲವಾಗಿ ಹೇಳುವುದಾದರೆ, ತರಂಗದೂರದ ಆರನೇ ಒಂದು ಭಾಗದಷ್ಟಿರುವ ಕಣ ಆ ಅಲೆಯ ಮೇಲೆ ಅತಿ ಹೆಚ್ಚು ಪರಿಣಾಮ ಬೀರುತ್ತದೆ. ಯಾವ ಅಲೆಯನ್ನು ಚೆನ್ನಾಗಿ ಹೀರುತ್ತದೋ ಅದನ್ನೇ ಕಣ ಚೆನ್ನಾಗಿ ಹೊರಸೂಸುತ್ತದೆ ಎಂಬುದು 19ನೇ ಶತಮಾನದ ಭೌತವಿಜ್ಞಾನಿ ಕಿರ್ಖಾಫ್ ಕಾಲದಿಂದ ಗೊತ್ತಿರುವ ನಿಯಮ. ಹಾಗಾದರೆ ತಟ್ಟೆಯ ಬೆಚ್ಚಗಿನ ಧೂಳು ಯಾವ ತರಂಗದೂರದವರೆಗೆ ಹೊಳೆಯುತ್ತದೆ ಎಂದು ಅಳೆದರೆ ಅದರ ಗಾತ್ರ ಗೊತ್ತಾಗಬೇಕು.

ಹಾಗೆಯೇ ಮಾಡುತ್ತಾರೆ. ಹೊಗೆಯಂಥ ಸಣ್ಣ ಕಣಗಳೇ ಇದ್ದರೆ 1 ಮಿಲಿಮೀಟರ್ ತರಂಗದೂರದಲ್ಲಿ ಕಂಡ ಹೊಳಪು 3 ಮಿಲಿಮೀಟರಿಗೆ ಬರುವಷ್ಟರಲ್ಲಿ ಸುಮಾರು 60 ಪಟ್ಟು ಕುಸಿಯಬೇಕು. ಎಳೆಯ ನಕ್ಷತ್ರಗಳ ಅನೇಕ ತಟ್ಟೆಗಳಲ್ಲಿ ಅದು ಕುಸಿಯುವುದು 15–20 ಪಟ್ಟಿನಷ್ಟು ಮಾತ್ರ. ಕಣಗಳು ಮಿಲಿಮೀಟರ್ ಗಾತ್ರಕ್ಕೆ ಬೆಳೆದಿವೆ ಎಂದು ಇದನ್ನು ಓದುತ್ತಾರೆ. ಇನ್ನೊಂದು ಗುರುತು 10 ಮೈಕ್ರೋಮೀಟರ್ ತರಂಗದೂರದ ಬಳಿ ಸಿಲಿಕೇಟ್ ತನ್ನ ಹೊಳಪಿನಲ್ಲಿ ತೋರಿಸುವ ಉಬ್ಬು: ಕಣ ಸಣ್ಣದಿದ್ದರೆ ಅದು ಚೂಪಾಗಿರುತ್ತದೆ, ಕೆಲವು ಮೈಕ್ರೋಮೀಟರ್ ಬೆಳೆದರೆ ಚಪ್ಪಟೆಯಾಗುತ್ತದೆ.

ಆದರೆ ಈ ಓದಿನಲ್ಲಿ ಒಂದು ಮೋಸದ ಸಾಧ್ಯತೆಯಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಧೂಳು ಅಲೆ ತೂರದಷ್ಟು ದಟ್ಟವಾಗಿದ್ದರೆ ಕಣ ಎಷ್ಟೇ ಸಣ್ಣದಿರಲಿ, ಕುಸಿತ 9 ಪಟ್ಟಿನ ಆಸುಪಾಸಿಗೆ ಇಳಿದು ದೊಡ್ಡ ಕಣಗಳ ಭ್ರಮೆ ಹುಟ್ಟಿಸುತ್ತದೆ. ಇದಲ್ಲದೆ, ಧೂಳಿನಿಂದ ಚದುರಿ ಬಂದ ಬೆಳಕಿನ ಧ್ರುವೀಕರಣವನ್ನು (ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುವ ಗುಣವನ್ನು) ಅಳೆದು ನೋಡಿದಾಗ ಎಚ್‌ಎಲ್ ಟೌರಿ ಎಂಬ ಎಳೆಯ ನಕ್ಷತ್ರದ ಪ್ರಸಿದ್ಧ ತಟ್ಟೆಯ ಕಣಗಳು ಮಿಲಿಮೀಟರಿನ ಏಳನೇ ಒಂದು ಭಾಗದಷ್ಟು ಮಾತ್ರ ಇರಬೇಕು ಎಂಬ ಉತ್ತರ ಬಂದಿದೆ. ಎರಡು ಅಳತೆಗೋಲುಗಳು ಒಂದೇ ವಸ್ತುವಿಗೆ ಹತ್ತು ಪಟ್ಟು ಬೇರೆ ಉತ್ತರ ಕೊಟ್ಟರೆ ಎಲ್ಲೋ ನಮ್ಮ ಊಹೆ ಕೈಕೊಟ್ಟಿದೆ ಎಂದೇ ಅರ್ಥ. ಕಣಗಳು ದುಂಡಗಿವೆ, ಒತ್ತಾಗಿವೆ ಎಂದು ಲೆಕ್ಕದಲ್ಲಿ ಹಿಡಿದದ್ದೇ ತಪ್ಪಿರಬಹುದು ಎಂಬ ಕಡೆಗೆ ನನ್ನ ಒಲವು. ಹೊಗೆಯ ಗಾತ್ರಕ್ಕಿಂತ ನೂರಾರು ಪಟ್ಟು ಬೆಳೆದಿವೆ ಎನ್ನುವುದರಲ್ಲಂತೂ ಎರಡೂ ಅಳತೆಗಳ ನಡುವೆ ಭಿನ್ನಾಭಿಪ್ರಾಯವಿಲ್ಲ.

ಎಚ್‌ಎಲ್ ಟೌರಿಯ ಹೆಸರು ಬಂದದ್ದು ಒಳ್ಳೆಯದಾಯಿತು, ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ 5000 ಮೀಟರ್ ಎತ್ತರದಲ್ಲಿರುವ 66 ಆಂಟೆನಾಗಳ ಆಲ್ಮಾ ದೂರದರ್ಶಕ 2014ರಲ್ಲಿ ಇದರ ಚಿತ್ರ ತೆಗೆದಾಗ ಈ ಕ್ಷೇತ್ರದಲ್ಲಿದ್ದವರೇ ಬೆರಗಾದರು. ಹತ್ತು ಲಕ್ಷ ವರ್ಷದ ಆಸುಪಾಸಿನ ಕೂಸಿನ ಸುತ್ತ ಗ್ರಾಮಫೋನ್ ತಟ್ಟೆಯ ಗೆರೆಗಳ ಹಾಗೆ ಬೆಳಗುವ ಬಳೆಗಳೂ ಕಪ್ಪು ಸಂದುಗಳೂ ಕಂಡವು. ಮಂಗಳೂರಿನಲ್ಲಿ ಯಾರೋ ಹಿಡಿದ ಒಂದು ರೂಪಾಯಿ ನಾಣ್ಯವನ್ನು ಶಿವಮೊಗ್ಗದಿಂದ ಗುರುತಿಸುವಷ್ಟು ಸೂಕ್ಷ್ಮ ಚಿತ್ರ ಅದು. ಸಂದುಗಳ ಅಂಚು ಎಷ್ಟು ಚೊಕ್ಕವಾಗಿದೆಯೆಂದರೆ, ದೊಡ್ಡ ಕಣಗಳೆಲ್ಲ ತಟ್ಟೆಯ ನಡುಮಟ್ಟಕ್ಕೆ ಇಳಿದು, ಹಪ್ಪಳದಷ್ಟು ತೆಳ್ಳಗೆ ಹಾಸಿಕೊಂಡಿರಬೇಕು. ಬಳೆಗಳೇ ನಾನು ಮೇಲೆ ಹೇಳಿದ ಒತ್ತಡದ ಉಬ್ಬುಗಳು ಎಂಬುದು ಬಹುಮತದ ಅಭಿಪ್ರಾಯ. ಸಂದುಗಳನ್ನು ಆಗಲೇ ಹುಟ್ಟಿದ ಗ್ರಹಗಳು ತೋಡಿದವೋ ಎಂಬುದು ಈ ತಟ್ಟೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಪಿಡಿಎಸ್ 70 ಎಂಬ ಇನ್ನೊಂದು ನಕ್ಷತ್ರದ ತಟ್ಟೆಯ ಖಾಲಿ ಜಾಗದಲ್ಲಿ ಮಾತ್ರ 2018 ಮತ್ತು 2019ರಲ್ಲಿ ಎರಡು ಗ್ರಹಗಳು ನೇರವಾಗಿ ಕಂಡಿವೆ. ಗ್ರಹಗಳು ಇಷ್ಟು ಬೇಗ ಹುಟ್ಟಬಲ್ಲವೇ ಎಂಬ ಅನುಮಾನಕ್ಕೆ ನಮ್ಮ ಸೌರವ್ಯೂಹದಲ್ಲೂ ಸಾಕ್ಷಿಯಿದೆ. ಉಲ್ಕಾಶಿಲೆಗಳಲ್ಲಿ ಸಿಗುವ, 456.7 ಕೋಟಿ ವರ್ಷ ಹಳೆಯ, ಸೌರವ್ಯೂಹದಲ್ಲಿ ಎಲ್ಲಕ್ಕಿಂತ ಮೊದಲು ಗಟ್ಟಿಯಾದ ಬಿಳಿ ಚೂರುಗಳಿಂದ ಕಾಲ ಎಣಿಸಿದರೆ, ಹತ್ತು ಲಕ್ಷ ವರ್ಷದೊಳಗೇ ಗುರುವಿನ ತಿರುಳು ಭೂಮಿಯ ಇಪ್ಪತ್ತು ಪಟ್ಟಿನಷ್ಟು ಬೆಳೆದು, ಒಳಗಿನ ಮತ್ತು ಹೊರಗಿನ ಧೂಳು ಬೆರೆಯದಂತೆ ತಡೆದಿತ್ತು ಎಂದು 2017ರ ಐಸೊಟೋಪ್ ಅಧ್ಯಯನವೊಂದು ವಾದಿಸಿದೆ.

ಈಗ ತೋರಿಸುವ ವಿಷಯ. ಡಿಸೆಂಬರ್ ಕೊನೆಯಲ್ಲಿ, ಮೋಡವಿಲ್ಲದ ಸಂಜೆ ಏಳೂವರೆ ಗಂಟೆಯ ಹೊತ್ತಿಗೆ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಬನ್ನಿ. ಅಡಿಕೆ ಕೊಯ್ಲಿನ ದಿನಗಳಾದ್ದರಿಂದ ಚಪ್ಪರದ ದೀಪಗಳಿಂದ ಸ್ವಲ್ಪ ದೂರವೇ ನಿಲ್ಲಿ. ಪೂರ್ವದಲ್ಲಿ ಕೃತ್ತಿಕೆಯ ಗೊಂಚಲಿನ ಕೆಳಗೆ ಕೆಂಪಗೆ ಹೊಳೆಯುವುದು ರೋಹಿಣಿ. ಮಳೆ ಲೆಕ್ಕ ಹಾಕುವ ಮನೆಗಳ ಮಕ್ಕಳಿಗೆ ಈ ಹೆಸರು ಹೊಸದಲ್ಲ. ರೋಹಿಣಿಯನ್ನು ಒಂದು ತುದಿಯಾಗಿಟ್ಟುಕೊಂಡು ಸಣ್ಣ ನಕ್ಷತ್ರಗಳು ಬಂಡಿಯ ಮೂಕಿಯಂತೆ ಎರಡು ಕವಲಾಗಿ ಕಾಣುತ್ತವೆ. ರೋಹಿಣಿಯಿಂದ ಎಡಕ್ಕೆ ತುಸು ಮೇಲಿರುವ ಇನ್ನೊಂದು ಕವಲಿನ ತುದಿಗೆ ಮನಸ್ಸಿನಲ್ಲೇ ಗೆರೆ ಎಳೆಯಿರಿ. ಆ ಗೆರೆಯ ಮೇಲೆ ಅರ್ಧಕ್ಕಿಂತ ಸ್ವಲ್ಪ ಮುಂದೆ, ರೋಹಿಣಿಯಿಂದ ಹುಣ್ಣಿಮೆ ಚಂದ್ರನ ಅಗಲದ ನಾಲ್ಕು ಪಟ್ಟು ದೂರದಲ್ಲಿ ಎಚ್‌ಎಲ್ ಟೌರಿ ಇದೆ. ಕಣ್ಣಿಗೂ ಕಾಣದು, ಶಾಲೆಯ ಸಣ್ಣ ದೂರದರ್ಶಕಕ್ಕೂ ಕಾಣದು; ರೋಹಿಣಿ 65 ಜ್ಯೋತಿರ್ವರ್ಷ ದೂರದಲ್ಲಿದ್ದರೆ ಅದು ಸುಮಾರು 450 ಜ್ಯೋತಿರ್ವರ್ಷ ಆಚೆ, ತಾನು ಹುಟ್ಟಿದ ಧೂಳಿನ ಮೋಡದೊಳಗೇ ಅಡಗಿದೆ. ಆಲ್ಮಾದ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಕೈಯಲ್ಲಿ ಹಿಡಿದುಕೊಂಡು, ಆ ಖಾಲಿ ಜಾಗವನ್ನು ಮೊದಲು ಅಟ್ಟದ ಧೂಳಿನ ಮಾತೆತ್ತಿದ ಹುಡುಗಿಗೆ ತೋರಿಸಿ.